ಟಿಪ್ಸು ಗಿರಾಕಿ ಕೊಟ್ಟಿದ್ದು, ಸಂಬಳ ಎಲ್ಲಿ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕನಿಷ್ಠ ವೇತನದ ಬಗ್ಗೆ ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಕಾಗದ ಬಂದಿವೆ. ಹೆಚ್ಚಿನವು ಹೋಟೆಲ್ ಕೆಲಸದವರದು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಕೆಳಗಿನ ಲೆಕ್ಕಗಳಲ್ಲೆಲ್ಲ ಕನಿಷ್ಠ ವೇತನ ತಿಂಗಳಿಗೆ 15,600 ರೂಪಾಯಿ ಎಂದು ಹಿಡಿದಿದ್ದೇವೆ. ತಿಂಗಳ 26 ಕೆಲಸದ ದಿನದಿಂದಲೂ ದಿನದ 8 ಗಂಟೆಯಿಂದಲೂ ಚೊಕ್ಕವಾಗಿ ಭಾಗವಾಗುತ್ತದೆ ಅನ್ನುವುದಷ್ಟೇ ಅದಕ್ಕೆ ಕಾರಣ. ಅದು ಸರ್ಕಾರದ ದರವಲ್ಲ. ನಿಮ್ಮ ಕೆಲಸದ ದರ ಅಧಿಸೂಚನೆಯಲ್ಲಿ ಎಷ್ಟಿದೆಯೋ ಅದನ್ನು ಆ ಜಾಗದಲ್ಲಿ ಇಟ್ಟು ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದೇನೆ. ಬೆಳಿಗ್ಗೆ 5.30ರಿಂದ 11.30, ಮತ್ತೆ ಸಂಜೆ 4.30ರಿಂದ ರಾತ್ರಿ 9. ವಾರಕ್ಕೆ ಒಂದು ರಜೆ. ಸಂಬಳ 12,000. ಜಾಸ್ತಿ ಕೇಳಿದರೆ ‘ದಿನಾ ಇನ್ನೂರು ಟಿಪ್ಸ್ ಬೀಳ್ತದಲ್ಲಪ್ಪ, ಅದೂ ಸೇರಿದ್ರೆ ಗೌರ್ಮೆಂಟ್ ರೇಟಿಗಿಂತ ಮೇಲೇ ಆಯ್ತು’ ಅಂತಾರೆ ಓನರ್. ಅಮೆರಿಕದಲ್ಲೂ ಟಿಪ್ಸ್ ಹಿಡಿದೇ ಸಂಬಳ ಕೊಡೋದು ಅಂತ ಕ್ಯಾಷಿಯರ್ ಮೊಬೈಲಲ್ಲಿ ತೋರಿಸಿದರು. ನಿಜವಾ?
— ಕ್ಯಾತ್ಸಂದ್ರದ ಓದುಗ

ಉತ್ತರ: ಅಮೆರಿಕದ್ದು ನಿಜ, ಇಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅಷ್ಟೇ ಇದೆ. ಟಿಪ್ಸ್ ಪಡೆಯುವ ಕೆಲಸದವರಿಗೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು, ಉಳಿದ 5.12 ಡಾಲರ್ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಕೊರತೆಯನ್ನು ಮಾಲೀಕನೇ ಕಟ್ಟಿಕೊಡಬೇಕು. ಆ 2.13 ಡಾಲರ್ 1991ರಿಂದ ಅಲುಗಿಲ್ಲ. ಆ ದೇಶದಲ್ಲೇ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟಾ ಸೇರಿ ಏಳು ರಾಜ್ಯಗಳು ಇದನ್ನು ಒಪ್ಪುವುದಿಲ್ಲ. ಅಲ್ಲಿ ಪೂರ್ತಿ ಕನಿಷ್ಠ ವೇತನ ಮಾಲೀಕನದು, ಟಿಪ್ಸ್ ಅದರ ಮೇಲೆ. ಬಿಲ್ಲಿನ ನೂರಕ್ಕೆ ಹದಿನೈದಿಪ್ಪತ್ತು ಟಿಪ್ಸ್ ಇಡುವುದು ರೂಢಿಯಾಗಿರುವ ದೇಶದ ಏರ್ಪಾಡು ಅದು. ಎರಡು ತಟ್ಟೆ ಇಡ್ಲಿ, ಒಂದು ಕಾಫಿಗೆ ಐದೋ ಹತ್ತೋ ಇಟ್ಟು ಏಳುವ ಕಡೆಗೆ ಅದನ್ನು ತಂದು ಜೋಡಿಸಿದರೆ ಹೊಂದುವುದಿಲ್ಲ.

ನಮ್ಮಲ್ಲಿ ಟಿಪ್ಸನ್ನು ಕನಿಷ್ಠ ವೇತನಕ್ಕೆ ವಜಾ ಹಾಕಿಕೊಳ್ಳುವ ಅವಕಾಶವೇ ಇಲ್ಲ. 1948ರ ಕನಿಷ್ಠ ವೇತನ ಕಾಯಿದೆಯಲ್ಲೂ ಇರಲಿಲ್ಲ, ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯಲ್ಲೂ ಇಲ್ಲ. ವೇತನ ಅಂದರೆ ಕೆಲಸದ ಕರಾರಿನ ಪ್ರಕಾರ ಮಾಲೀಕ ಕೊಡಬೇಕಾದ್ದು. ಗಿರಾಕಿ ಕರಾರಿನಲ್ಲಿಲ್ಲ, ಇಷ್ಟವಿದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಕೈತೊಳೆದು ಹೋಗುತ್ತಾರೆ. 2016ರಲ್ಲಿ ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ತರ್ಕ ಹಿಡಿಯಿತು: ಗಿರಾಕಿ ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲಿನವರು ಕೆಲಸಗಾರರಿಗೆ ಹಂಚಿದರೂ ಅದು ಸಂಬಳವಾಗುವುದಿಲ್ಲ.

ಈಗ ನಿಮ್ಮ ಲೆಕ್ಕ. ಮೊದಲು ಗಂಟೆಗಿಳಿಸಿ. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 75. ತಿಂಗಳ ಸಂಬಳದಲ್ಲಿ ವಾರದ ರಜೆ ಸೇರಿಕೊಂಡಿರುತ್ತದೆ, ಅದಕ್ಕೇ ಮೂವತ್ತರಿಂದ ಭಾಗಿಸಬಾರದು. ಮೂವತ್ತರಿಂದ ಭಾಗಿಸಿ 520 ಅನ್ನುವುದು ಬಟವಾಡೆಯಲ್ಲಿ ನಡೆಯುವ ಅತಿ ಹಳೆಯ ಕೈಚಳಕ.

ನಿಮ್ಮ ಡ್ಯೂಟಿ ದಿನಕ್ಕೆ ಹತ್ತೂವರೆ ಗಂಟೆ, ಆರು ದಿನಕ್ಕೆ 63. ಹೋಟೆಲುಗಳಿಗೂ ಅನ್ವಯಿಸುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಅದರ ಮೇಲಿನದು ಓಟಿ, ಓಟಿಗೆ ಎರಡು ಪಟ್ಟು. 63ರಲ್ಲಿ 48 ಕಳೆದರೆ ವಾರಕ್ಕೆ 15 ಗಂಟೆ. ಗಂಟೆಗೆ 150ರಂತೆ 2,250. ವರ್ಷದ 52 ವಾರಕ್ಕೆ 1,17,000, ತಿಂಗಳಿಗೆ 9,750. ಅಂದರೆ 15,600 ಮತ್ತು 9,750 ಸೇರಿ 25,350 ಬರಬೇಕಾದ ಕಡೆ ನಿಮ್ಮ ಕೈಗೆ ಬರುತ್ತಿರುವುದು 12,000. ದಿನಕ್ಕೆ ಇನ್ನೂರರ ಟಿಪ್ಸನ್ನು ಓನರ್ ಹೇಳಿದ ಹಾಗೇ ಸೇರಿಸಿಕೊಂಡರೂ 17,200. ಟಿಪ್ಸ್ ಜಗಳದಲ್ಲಿ ಎಲ್ಲರೂ ಮರೆಯುವುದು ಈ ಓಟಿಯನ್ನೇ.

ನಿಮ್ಮ ಬ್ರೇಕ್ ಡ್ಯೂಟಿಯಲ್ಲೂ ತೊಡಕಿದೆ. ಶುರುವಿನಿಂದ ಮುಗಿಯುವ ತನಕ, ನಡುವಿನ ಬಿಡುವೂ ಸೇರಿ, ಒಂದು ದಿನದ ಹರವು 12 ಗಂಟೆ ಮೀರಬಾರದು, ನಿಮ್ಮದು ಹದಿನೈದೂವರೆ. ಐದು ಗಂಟೆ ಕೆಲಸವಾದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ಬೆಳಗಿನ ಆರು ಗಂಟೆ ಒಂದೇ ಓಟದಲ್ಲಿ ಹೋಗುತ್ತಿದೆ. ಓಟಿಯೂ ಮೂರು ತಿಂಗಳಿಗೆ 50 ಗಂಟೆ ಮೀರುವಂತಿಲ್ಲ, ನಿಮ್ಮದು 195 ಆಗುತ್ತದೆ. ಮಿತಿ ಮೀರಿ ದುಡಿಸಿಕೊಂಡದ್ದು ಮಾಲೀಕರ ತಪ್ಪು, ಅದರಿಂದ ನಿಮ್ಮ ಓಟಿ ದುಡ್ಡು ಬಿದ್ದುಹೋಗುವುದಿಲ್ಲ.

ಪ್ರಶ್ನೆ: ಹೊಸ ಕನಿಷ್ಠ ವೇತನದ ಪಟ್ಟಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಬಂತು. ಅದರ ಪ್ರಕಾರ ಕೇಳಿದರೆ ‘ಅದು ಬೆಂಗಳೂರಿನವರಿಗೆ’ ಅಂತಾರೆ. ಲಾಡ್ಜಿನಲ್ಲಿ ರೂಂ ಬಾಯ್. ನನ್ನ ದರ ಯಾವುದು?
— ತಿಪಟೂರು

ಉತ್ತರ: ಆ ಪಿಡಿಎಫಿನ ಮೊದಲ ಪುಟದಲ್ಲಿ ‘ಕರಡು’ ಎಂಬ ಮಾತಿದೆಯಾ ನೋಡಿ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ್ದು ಕರಡು ಅಧಿಸೂಚನೆ, ಅಂದರೆ ‘ಇಷ್ಟು ಮಾಡಬೇಕೆಂದಿದ್ದೇವೆ, ಆಕ್ಷೇಪಣೆ ಇದ್ದರೆ ಹೇಳಿ’ ಎಂಬ ಪ್ರಕಟಣೆ. ಅದರ ಅಂಕಿ ಹಿಡಿದು ಬಾಕಿ ಕೇಳಲು ಬರುವುದಿಲ್ಲ. ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ದಿನದಿಂದ, ಅಥವಾ ಅದರಲ್ಲೇ ಹೇಳಿದ ತಾರೀಖಿನಿಂದ ದರ ನಡೆಯುತ್ತದೆ. ಅಲ್ಲಿಯ ತನಕ ಹಳೆಯ ಅಧಿಸೂಚನೆ ಮತ್ತು ಅದರ ಮೇಲೆ ವರ್ಷವರ್ಷ ಏರುವ ತುಟ್ಟಿಭತ್ಯೆ. ಕಾನೂನು ಬದಲಾಯಿತು, ಹಳೆಯದೆಲ್ಲ ರದ್ದು ಎನ್ನುವವರ ಮಾತು ಕೇಳಬೇಡಿ. ಸಂಹಿತೆಗೆ ವಿರುದ್ಧವಾಗಿಲ್ಲದ ಹಳೆಯ ಅಧಿಸೂಚನೆಗಳು ಮುಂದುವರಿಯುತ್ತವೆಂದು ಅದರ ಕೊನೆಯ ಕಲಮಿನಲ್ಲೇ ಬರೆದಿದೆ.

ಪಟ್ಟಿಯಲ್ಲಿ ನಿಮ್ಮ ದರ ಸಿಗಬೇಕಾದರೆ ಮೂರು ಕಡೆ ಕಣ್ಣು ಹಾಯಿಸಬೇಕು. ಉದ್ಯೋಗ ಯಾವುದು; ನಿಮಗೆ ಹೋಟೆಲು, ವಸತಿಗೃಹದ್ದು. ಕುಶಲ, ಅರೆಕುಶಲ, ಅಕುಶಲ ಇವುಗಳಲ್ಲಿ ಯಾವ ದರ್ಜೆ; ಹುದ್ದೆಯ ಹೆಸರು ಪಟ್ಟಿಯಲ್ಲಿ ಇರುತ್ತದೆ, ಓನರ್ ಕರೆಯುವ ಹೆಸರಲ್ಲ, ನೀವು ಮಾಡುವ ಕೆಲಸ ಲೆಕ್ಕಕ್ಕೆ. ಮೂರನೆಯದು ವಲಯ. ಬೆಂಗಳೂರಿಗೆ ಒಂದು ದರ, ಉಳಿದ ಊರುಗಳಿಗೆ ಇಳಿಯುತ್ತಾ ಹೋಗುವ ದರ. ಹಾಗಾಗಿ ಓನರ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ: ಬೆಂಗಳೂರಿನ ಅಂಕಿ ನಿಮ್ಮದಲ್ಲ, ಆದರೆ ನಿಮ್ಮ ಊರಿಗೂ ಒಂದು ಅಂಕಿ ಇದೆ. ಕ್ಯಾತ್ಸಂದ್ರದಂಥ ಕಡೆ ಇದು ಇನ್ನೂ ಸೂಕ್ಷ್ಮ. ಮಹಾನಗರ ಪಾಲಿಕೆ ಗಡಿಯೊಳಗಿನ ಹೋಟೆಲಿಗೂ ಅದೇ ಮಾಲೀಕರು ಹೆದ್ದಾರಿಯಲ್ಲಿ ಗ್ರಾಮ ಪಂಚಾಯ್ತಿಯ ಜಾಗದಲ್ಲಿ ತೆರೆದ ಬ್ರಾಂಚಿಗೂ ದರ ಬೇರೆಯಾಗಬಹುದು.

ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ. ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗಿನ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿಯಿಂದ ಅದನ್ನು ತೆಗೆಯುತ್ತಾರೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಆ ವರ್ಷದ ಕೋಷ್ಟಕ ಕನ್ನಡದಲ್ಲೇ ಸಿಗುತ್ತದೆ. ಪ್ರಿಂಟ್ ತೆಗೆಸುವಾಗ ಕೊನೆಯ ಟಿಪ್ಪಣಿಗಳನ್ನೂ ತೆಗೆಸಿ. ದಿನಗೂಲಿ ಲೆಕ್ಕ, ಊಟ-ವಸತಿಯ ವಿಚಾರ ಇರುವುದು ಅಲ್ಲಿ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷ. ಶನಿವಾರ, ಭಾನುವಾರ ನಂದಿ ಬೆಟ್ಟದ ದಾರಿಯ ಕೆಫೆಯಲ್ಲಿ ಬೆಳಿಗ್ಗೆ 5ರಿಂದ 11. ಗಂಟೆಗೆ ಐವತ್ತರಂತೆ 300 ಕೊಡುತ್ತಾರೆ. ಪಾರ್ಟ್ ಟೈಂಗೆ ಕನಿಷ್ಠ ವೇತನ ಇಲ್ಲವಂತೆ. ಮಳೆ ಬಂದರೆ ಏಳು ಗಂಟೆಗೇ ಮನೆಗೆ ಕಳಿಸಿ ನೂರು ಕೊಡುತ್ತಾರೆ.
— ಚಿಕ್ಕಬಳ್ಳಾಪುರ

ಉತ್ತರ: ಪಾರ್ಟ್ ಟೈಂ ಎಂದ ಕೂಡಲೇ ಕಾನೂನಿನಿಂದ ಹೊರಗೆ ಹೋಗುವುದಿಲ್ಲ. ಸಂಹಿತೆಯ ಪ್ರಕಾರ ದರವನ್ನು ಗಂಟೆಗೆ, ದಿನಕ್ಕೆ ಅಥವಾ ತಿಂಗಳಿಗೆ ನಿಗದಿ ಮಾಡಬಹುದು. ಯಾವುದರಲ್ಲಿ ಇದ್ದರೂ ಉಳಿದೆರಡಕ್ಕೆ ಇಳಿಸಿಕೊಳ್ಳಲು ಬರುತ್ತದೆ. ನಮ್ಮ ಲೆಕ್ಕದ 75ಕ್ಕೆ ಆರು ಗಂಟೆಗೆ 450. ಕೆಫೆಯ ಬಾಗಿಲು ತೆರೆಯುವ ಮುಂಚೆ ಕುರ್ಚಿ ಹಾಕುವುದು, ಮುಚ್ಚಿದ ಮೇಲೆ ನೆಲ ಒರೆಸುವುದು ಎಲ್ಲ ಗಂಟೆಗೆ ಸೇರುತ್ತದೆ. ಗಿರಾಕಿ ಬಂದ ಹೊತ್ತಿನಿಂದ ಮಾತ್ರ ಎಣಿಸುವುದು ವಾರಾಂತ್ಯದ ಕೆಫೆಗಳಲ್ಲಿ ಮಾಮೂಲಿಯಾಗಿ ಸೋರಿಹೋಗುವ ಅರ್ಧ ಗಂಟೆ.

ಮಳೆಯದು ಸ್ವಲ್ಪ ನಾಜೂಕು. ದಿನದ ದರಕ್ಕೆ ಕರೆದು, ಮಾಲೀಕರೇ ಕೆಲಸವಿಲ್ಲವೆಂದು ಬೇಗ ಕಳಿಸಿದರೆ ಪೂರ್ತಿ ದಿನದ ವೇತನ ಕೊಡಬೇಕು. ಕೆಲಸಗಾರ ತಾನೇ ಒಲ್ಲೆನೆಂದು ಹೋದರೆ ಬೇಡ. ಗಂಟೆಯ ದರಕ್ಕೆ ಒಪ್ಪಿ ಬಂದವರಿಗೆ ಈ ರಕ್ಷಣೆ ಅಷ್ಟು ಗಟ್ಟಿಯಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ‘ನಾಳೆ 5ರಿಂದ 11, ಅಲ್ವಾ ಸಾರ್?’ ಎಂದು ಮೆಸೇಜ್ ಹಾಕಿ, ಅವರ ‘ಹೂಂ’ ಇಟ್ಟುಕೊಳ್ಳಿ. ಆರು ಗಂಟೆಗಳ ಕೆಲಸಕ್ಕೆ ಕರೆದರು ಅನ್ನುವುದಕ್ಕೆ ಅದೊಂದೇ ಪುರಾವೆ. ವಾರದ ಲೆಕ್ಕಕ್ಕೆ ಕೆಲಸ ಮಾಡುವವರ ಸಂಬಳವನ್ನು ವಾರದ ಕೊನೆಯ ಕೆಲಸದ ದಿನವೇ ಕೊಡಬೇಕು, ದಿನಗೂಲಿಯನ್ನು ಪಾಳಿ ಮುಗಿದ ಕೂಡಲೇ. ‘ತಿಂಗಳ ಕೊನೆಗೆ ಒಟ್ಟಿಗೆ ತಗೊಳಪ್ಪ’ ಅಂದರೆ ನಿಮ್ಮ ಹಾಜರಿ ನಿಮ್ಮ ಹತ್ತಿರವೂ ಇರಲಿ.

ಪ್ರಶ್ನೆ: ‘ಕಡಿಮೆ ಸಂಬಳಕ್ಕೆ ಒಪ್ಪಿದ್ದೇನೆ’ ಅಂತ ಛಾಪಾ ಕಾಗದದಲ್ಲಿ ಸಹಿ ಹಾಕಿಸಿಕೊಂಡಿದ್ದಾರೆ.
— ಮಾಲೂರು

ಉತ್ತರ: ಆ ಕಾಗದಕ್ಕೆ ಬೆಲೆಯಿಲ್ಲ. ಕನಿಷ್ಠ ವೇತನದ ಹಕ್ಕು ಬಿಟ್ಟುಕೊಡುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿವು ಒಪ್ಪಿಸಿದ್ದು ಒಪ್ಪಿಗೆಯಲ್ಲ.

ಪ್ರಶ್ನೆ: ಲೋಟ ಒಡೆದರೆ ಇಪ್ಪತ್ತು, ತಡವಾದರೆ ನೂರು ಹಿಡೀತಾರೆ. ಊಟ, ರೂಮು ಕೊಟ್ಟಿದ್ದಕ್ಕೆ ತಿಂಗಳಿಗೆ ಮೂರು ಸಾವಿರ.
— ಬಂಗಾರಪೇಟೆ

ಉತ್ತರ: ಒಡೆದದ್ದಕ್ಕೆ ಹಿಡಿಯಬಹುದು, ಆದರೆ ನಿಮ್ಮ ಅಜಾಗರೂಕತೆಯಿಂದಲೇ ಒಡೆದದ್ದಾಗಿರಬೇಕು, ನಿಮ್ಮ ಮಾತು ಕೇಳಿರಬೇಕು, ನಷ್ಟದ ಬೆಲೆ ಮೀರಬಾರದು. ತೊಳೆಯುವಾಗ ಬಿಸಿನೀರಿಗೆ ಸೀಳಿದ ಲೋಟ ಯಾರ ತಪ್ಪೂ ಅಲ್ಲ. ತಡವಾದದ್ದಕ್ಕೆ ತಡವಾದ ಹೊತ್ತಿನಷ್ಟೇ ಕಡಿತ. ಹತ್ತು ನಿಮಿಷಕ್ಕೆ ನೂರು ಹಿಡಿದರೆ ಅದು ದಂಡ. ದಂಡಕ್ಕೆ ಸರ್ಕಾರದ ಒಪ್ಪಿಗೆ ಪಡೆದ ಪಟ್ಟಿ ಬೇಕು, ಮೇಲಾಗಿ ಅದು ಆ ಅವಧಿಯ ವೇತನದ ನೂರಕ್ಕೆ 3 ದಾಟುವಂತಿಲ್ಲ. ಊಟ-ರೂಮಿನ ಕಡಿತಕ್ಕೂ ಕಾನೂನಿನ ಅನುಮತಿ ಬೇಕು, ಕೊಟ್ಟ ಸೌಲಭ್ಯದ ಬೆಲೆಯ ಒಳಗಿರಬೇಕು. ಅಡ್ವಾನ್ಸೂ ಸೇರಿ ಎಲ್ಲ ಕಡಿತ ಕೂಡಿದರೆ ಸಂಬಳದ ಅರ್ಧ ಮೀರಬಾರದು. ಒಂದೇ ಹಾಲ್‌ನಲ್ಲಿ ಎಂಟು ಜನ ಮಲಗುವ ಕಡೆ, ಊಟ ಬಿಟ್ಟು ರೂಮಿಗೇ ತಲೆಗೆ ಮೂರು ಸಾವಿರ ಹಿಡಿದರೆ ತಿಂಗಳಿಗೆ 24,000 ಬಾಡಿಗೆ. ಬಂಗಾರಪೇಟೆಯಲ್ಲಿ ಆ ಬಾಡಿಗೆಗೆ ಎಂಥ ಮನೆ ಸಿಗುತ್ತದೆಂದು ಓನರನ್ನೇ ಕೇಳಬಹುದು.

ಪ್ರಶ್ನೆ: ಮುಳಬಾಗಿಲಿನಲ್ಲಿ ದೋಸೆ ಹೋಟೆಲು ನಡೆಸುತ್ತೇನೆ. ದಿನಕ್ಕೆ ಹತ್ತು ಆಳು ಬೇಕು, ಮೂವತ್ತು ದಿನವೂ ತೆರೆದಿರುತ್ತದೆ. ಕನಿಷ್ಠ ವೇತನ ದಿನಕ್ಕೆ ನೂರು ರೂಪಾಯಿ ಏರಿದರೆ ತಿಂಗಳಿಗೆ 26,000 ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ದೋಸೆಗೆ ಹತ್ತು ರೂಪಾಯಿ ಏರಿಸದೆ ಗತಿಯಿಲ್ಲ. ನಮ್ಮ ಕಷ್ಟವನ್ನೂ ಬರೆಯಿರಿ.
— ಹೋಟೆಲ್ ಮಾಲೀಕ

ಉತ್ತರ: ಸ್ವಾಮಿ, ನಿಮ್ಮ ಲೆಕ್ಕ ಎರಡು ಕಡೆ ತಪ್ಪಿದೆ. ಒಂದು ಕಡೆ ಕಡಿಮೆ ಹಾಕಿದ್ದೀರಿ, ಇನ್ನೊಂದು ಕಡೆ ತುಂಬಾ ಜಾಸ್ತಿ.

ಕಡಿಮೆಯಾದದ್ದು ಆಳಿನ ಲೆಕ್ಕ. ಹತ್ತು ಜನರ ಕೆಲಸ ಮೂವತ್ತು ದಿನ ನಡೆದರೆ 300 ಆಳುದಿನ. ಒಬ್ಬರು ವಾರದ ರಜೆ ಕಳೆದು 26 ದಿನ ಬರುತ್ತಾರೆ. 300ನ್ನು 26ರಿಂದ ಭಾಗಿಸಿ. ನಿಮಗೆ ಬೇಕಾದದ್ದು ಹನ್ನೊಂದೂವರೆ ಜನ. ರಜೆಗೆ ಬದಲಿ ಆಳು ಇಡದೆ, ಇದ್ದವರನ್ನೇ ಏಳು ದಿನ ದುಡಿಸುವುದರಿಂದಲೇ ಹೋಟೆಲುಗಳಲ್ಲಿ ಕೇಸು ಹುಟ್ಟುವುದು. ಹಾಗಾಗಿ ಏರಿಕೆ 26,000 ಅಲ್ಲ, 30,000. ಹತ್ತು ಜನ ದಾಟಿದ್ದರಿಂದ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಬರುತ್ತದೆ. ತಿಂಗಳಿಗೆ 21,000ದ ಒಳಗಿನ ಸಂಬಳಕ್ಕೆ ನಿಮ್ಮ ಪಾಲು ನೂರಕ್ಕೆ 3.25, ಕೆಲಸಗಾರರದು 0.75. ಮೂವತ್ತು ಸಾವಿರಕ್ಕೆ ನಿಮ್ಮದು 975. ಗ್ರಾಚ್ಯುಟಿಗೆಂದು ವರ್ಷಕ್ಕೆ 15 ದಿನದ ಸಂಬಳದಂತೆ ಎತ್ತಿಟ್ಟರೆ ತಿಂಗಳಿಗೆ ಸುಮಾರು 1,440. ಒಟ್ಟು 32,400ರ ಸುತ್ತ. ಇಪ್ಪತ್ತು ಜನ ಆದರೆ ಪಿಎಫ್ ಕೂಡ.

ಜಾಸ್ತಿಯಾದದ್ದು ದೋಸೆಯ ಲೆಕ್ಕ. ದಿನಕ್ಕೆ 450 ಪ್ಲೇಟು ಹೋಗುತ್ತದೆಂದು ಇಟ್ಟುಕೊಂಡರೆ ತಿಂಗಳಿಗೆ 13,500. ಇದರ ಮೇಲೆ 32,400 ಹಂಚಿದರೆ ಪ್ಲೇಟಿಗೆ ಎರಡು ರೂಪಾಯಿ ನಲವತ್ತು ಪೈಸೆ. ಹತ್ತು ಏರಿಸಿದರೆ ಉಳಿದ ಏಳೂವರೆ ಎಲ್ಲಿಗೆ ಹೋಯಿತೆಂದು ಗಿರಾಕಿಯೂ ಕೇಳುತ್ತಾನೆ, ಸಪ್ಲೈಯರೂ ಕೇಳುತ್ತಾನೆ. ನಿಮ್ಮ ಪ್ಲೇಟು 450 ಅಲ್ಲ 180 ಅನ್ನುವುದಾದರೆ ಮಾತು ಬೇರೆ, ಆಗ ಆರು ರೂಪಾಯಿ ಬೀಳುತ್ತದೆ. ಸಣ್ಣ ಹೋಟೆಲಿಗೆ ಏಟು ಬೀಳುವುದು ಅಲ್ಲೇ: ಸಂಬಳ ಏರಿದ್ದಕ್ಕಲ್ಲ, ಆಳಿಗೆ ತಕ್ಕ ವ್ಯಾಪಾರ ಇಲ್ಲದ್ದಕ್ಕೆ. ಹತ್ತೂವರೆಯಿಂದ ಹನ್ನೆರಡೂವರೆ, ಮೂರರಿಂದ ಐದು ಖಾಲಿ ಕೂರುವ ಹೊತ್ತಿಗೆ ಎಷ್ಟು ಜನ ಇದ್ದಾರೆಂದು ಒಂದು ವಾರ ಬರೆದು ನೋಡಿ.

ಇನ್ನೊಂದು ಖರ್ಚು ಪುಸ್ತಕದಲ್ಲಿ ಮೊದಲೇ ಕಾಣುವುದಿಲ್ಲ. ಕ್ಲೀನರ್ ಸಂಬಳ ಸಪ್ಲೈಯರ್ ಸಂಬಳದ ಹತ್ತಿರಕ್ಕೆ ಬಂದ ತಿಂಗಳೇ ಸಪ್ಲೈಯರ್ ಬಂದು ನಿಲ್ಲುತ್ತಾನೆ, ಅವನ ಹಿಂದೆ ದೋಸೆ ಭಟ್ಟರು. ಭಟ್ಟರು ಹೋದರೆ ಹೋಟೆಲೇ ಹೋದ ಹಾಗೆ. ಕೆಳಗಿನ ದರ್ಜೆ ಏರಿದಾಗ ಮೇಲಿನವರಿಗೂ ಸ್ವಲ್ಪ ಏರಿಸಲು ದುಡ್ಡು ಇಟ್ಟುಕೊಂಡಿರಿ. ಮೆನು ಬೋರ್ಡಿನ ದರವನ್ನು ತುಟ್ಟಿಭತ್ಯೆ ಬದಲಾಗುವ ಏಪ್ರಿಲ್‌ನಲ್ಲೇ ತಿದ್ದಿ, ದೀಪಾವಳಿಗೆ ಒಮ್ಮೆ ಯುಗಾದಿಗೆ ಒಮ್ಮೆ ಬೇಡ. ಸಂಬಳ ಚೀಟಿಯಲ್ಲಿ ಮೂಲವೇತನ, ತುಟ್ಟಿಭತ್ಯೆ, ಓಟಿ ಬೇರೆಬೇರೆ ಬರೆಯಿರಿ. ‘ಎಲ್ಲ ಸೇರಿ’ ಎಂದು ಒಂದೇ ಅಂಕಿ ಬರೆದ ಚೀಟಿ ನೀವು ಓಟಿ ಕೊಟ್ಟಿದ್ದನ್ನೂ ಸಾಬೀತು ಮಾಡುವುದಿಲ್ಲ. ಕ್ಲೇಮು ಬಂದಾಗ ವೇತನ ಸಲ್ಲಿಸಿದ್ದೇನೆಂದು ತೋರಿಸುವ ಹೊಣೆ ಮಾಲೀಕರದು, ಕೆಲಸಗಾರರದಲ್ಲ.

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿ ಹಣ್ಣು ಆಯುವ ಕೆಲಸ ನಮ್ಮದು. ಕ್ರೇಟಿಗೆ ಆರು ರೂಪಾಯಿ. ಗಂಡಸರಿಗೆ ಎಂಟು. ಎಂಟು ಗಂಟೆ ಕೂತರೆ ಎಪ್ಪತ್ತು ಕ್ರೇಟು ಆಗುತ್ತದೆ. ಇದಕ್ಕೂ ಕನಿಷ್ಠ ಅಂತ ಇದೆಯಾ?
— ನಾಲ್ಕು ಜನ ಹೆಂಗಸರು

ಉತ್ತರ: ಇದೆ ಅಮ್ಮ. ಎಪ್ಪತ್ತು ಕ್ರೇಟಿಗೆ 420. ಆ ಕೆಲಸಕ್ಕೆ ಕ್ರೇಟಿನ ಲೆಕ್ಕದ ದರವನ್ನು ಸರ್ಕಾರ ಗೊತ್ತುಮಾಡಿರದೆ ದಿನದ ದರ ಮಾತ್ರ ಇದ್ದರೆ, ತುಂಡುಗುತ್ತಿಗೆಯಲ್ಲಿ ದುಡಿದವರಿಗೂ ದಿನದ ದರಕ್ಕಿಂತ ಕಡಿಮೆಯಾಗಬಾರದು. ನಮ್ಮ ಉದಾಹರಣೆಯ 600ಕ್ಕೆ 180 ಬಾಕಿ. ಇಲ್ಲಿ ಕ್ರೇಟಿನ ಎಣಿಕೆಯೇ ಜಗಳದ ಮೂಲ. ಮೇಸ್ತ್ರಿ ಬರೆದ ಚೀಟಿ ಸಂಜೆ ಹರಿದುಹೋಗುತ್ತದೆ. ದಿನಾ ಅದರ ಫೋಟೋ ತೆಗೆದಿಡಿ, ಬಂದ ಹೊತ್ತು ಹೋದ ಹೊತ್ತನ್ನೂ ಬರೆದುಕೊಳ್ಳಿ. ಗಂಟೆ ಗೊತ್ತಿಲ್ಲದೆ ಕ್ರೇಟೊಂದೇ ಗೊತ್ತಿದ್ದರೆ ‘ನಿಧಾನ ಮಾಡಿದರು’ ಎಂದು ತಳ್ಳಿಹಾಕುತ್ತಾರೆ.

ಒಂದೇ ಕೆಲಸಕ್ಕೆ ಹೆಣ್ಣಿಗೆ ಆರು, ಗಂಡಿಗೆ ಎಂಟು ಕೊಡುವುದು 1976ರಿಂದಲೂ ಕಾನೂನುಬಾಹಿರ. ಈಗ ಅದು ಸಂಹಿತೆಯ ಮೂರನೇ ಕಲಮು. ಸರಿಮಾಡುತ್ತೇವೆಂದು ಗಂಡಸರದ್ದನ್ನು ಆರಕ್ಕೆ ಇಳಿಸುವಂತೆಯೂ ಇಲ್ಲ. ಗಂಡಸರು ಕ್ರೇಟು ಎತ್ತಿ ಲಾರಿಗೆ ಹಾಕುವುದೂ ಇದ್ದರೆ ಅದು ಬೇರೆ ಕೆಲಸ, ಆಗ ಬೇರೆ ದರ ನಡೆಯುತ್ತದೆ.

ಪ್ರಶ್ನೆ: ಕನಿಷ್ಠ ವೇತನ ಏರಿಸಿದರೆ ಕೆಲಸಗಳೇ ಕಡಿಮೆಯಾಗುತ್ತವೆ ಎಂದು ಅರ್ಥಶಾಸ್ತ್ರದ ಪುಸ್ತಕದಲ್ಲಿದೆ. ಮಕ್ಕಳಿಗೆ ಏನು ಹೇಳಲಿ?
— ಉಪನ್ಯಾಸಕಿ, ಗೌರಿಬಿದನೂರು

ಉತ್ತರ: ಪುಸ್ತಕದ ಬೇಡಿಕೆ-ಪೂರೈಕೆಯ ಗೆರೆಗಳ ಜೊತೆಗೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಥೆಯನ್ನೂ ಹೇಳಿ. 1992ರ ಏಪ್ರಿಲ್ 1ರಂದು ಆ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು; ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಯ ಮುಂಚೆ, ಆಮೇಲೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಇಳಿಯಲಿಲ್ಲ ಎಂದು 1994ರಲ್ಲಿ ಬರೆದರು. ಇಲ್ಲ, ಸಂಬಳದ ದಾಖಲೆ ನೋಡಿದರೆ ಇಳಿದಿದೆ ಎಂದು ನ್ಯೂಮಾರ್ಕ್ ಮತ್ತು ವಾಷರ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ವಾದಿಸಿದರು. ಜಗಳ ಇವತ್ತಿಗೂ ಮುಗಿದಿಲ್ಲ, ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಗಂಟೆಗೆ 15 ಡಾಲರ್ ಮಾಡಿದರೆ 1.7 ಕೋಟಿ ಜನರ ಸಂಬಳ ಏರುತ್ತದೆ, ನಡುಅಂದಾಜಿನಲ್ಲಿ 13 ಲಕ್ಷ ಕೆಲಸ ಹೋಗುತ್ತವೆ ಎಂದು 2019ರಲ್ಲಿ ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯೇ ಹೇಳಿತು. ಹಾಗಾಗಿ ಏರಿಕೆ ಎಷ್ಟು, ಊರಿನ ಸಾಮಾನ್ಯ ಕೂಲಿಗಿಂತ ಎಷ್ಟು ಮೇಲೆ ಅನ್ನುವುದೇ ಪ್ರಶ್ನೆ.

ನಿಮ್ಮ ಮಕ್ಕಳಿಗೆ ನ್ಯೂಜೆರ್ಸಿ ದೂರವಾದರೆ ಹಿಂದೂಪುರ ಹತ್ತಿರ. ಗೌರಿಬಿದನೂರಿನಿಂದ ಬಸ್ಸು ಹತ್ತಿದರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ರಾಜ್ಯ, ಇನ್ನೊಂದು ಕನಿಷ್ಠ ವೇತನ. ಬಾಗೇಪಲ್ಲಿ, ಮುಳಬಾಗಿಲು, ಹೆಚ್ಚೂಕಡಿಮೆ ಸುತ್ತ ಆಂಧ್ರವೇ ಇರುವ ಪಾವಗಡ ಎಲ್ಲವೂ ಹಾಗೇ. ಎರಡೂ ಕಡೆ ಹತ್ತತ್ತು ಹೋಟೆಲು, ಬಂಕು ಆರಿಸಿ, ಏಪ್ರಿಲ್ ಮುಂಚೆ ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ ಆಳಿನ ಸಂಖ್ಯೆ, ಗಂಟೆ, ಕೈಗೆ ಬರುವ ಸಂಬಳ ಕೇಳಿಬರಲಿ. ಕೈಗೆ ಬರುವುದನ್ನೇ ಕೇಳಬೇಕು, ಪುಸ್ತಕದಲ್ಲಿರುವುದನ್ನಲ್ಲ. ಅಧಿಸೂಚನೆಯ ದರ ಅಂಗಡಿಗೆ ತಲುಪದೇ ಇದ್ದರೆ ಏರಿಕೆಯಿಂದ ಕೆಲಸ ಹೋಯಿತು ಎಂಬ ವಾದಕ್ಕೂ ಬುಡವಿಲ್ಲ, ಬದುಕು ಸುಧಾರಿಸಿತು ಎಂಬುದಕ್ಕೂ ಇಲ್ಲ.

ದರ ಎಲ್ಲಿಂದ ಬರುತ್ತದೆಂದೂ ಹೇಳಿಕೊಡಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸಂಸಾರವನ್ನು ಮೂರು ಘಟಕವೆಂದು ಹಿಡಿದು, ತಲಾ 2,700 ಕ್ಯಾಲೊರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪ ಇತ್ಯಾದಿಗೆ ನೂರಕ್ಕೆ 20 ಎಂದು ಗೊತ್ತುಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮದುವೆ-ಮುಪ್ಪಿಗೆ ಇನ್ನೂ ನೂರಕ್ಕೆ 25 ಸೇರಿಸಬೇಕೆಂದಿತು. ಮಕ್ಕಳು ಗೌರಿಬಿದನೂರಿನ ಸಂತೆ ಬೆಲೆ ಹಾಕಿ ಇದನ್ನು ಲೆಕ್ಕ ಮಾಡಲಿ, ಒಂದು ಪಿರಿಯಡ್ಡಿನ ಪಾಠ.

ಪ್ರಶ್ನೆ: ಶಿರಾ ಹತ್ತಿರ ಹೆದ್ದಾರಿ ಢಾಬಾದಲ್ಲಿ ಹದಿನಾಲ್ಕು ತಿಂಗಳು ದುಡಿದೆ. ಬಿಟ್ಟ ಮೇಲೆ ಕೊನೆ ತಿಂಗಳ ಸಂಬಳವೂ ಇಲ್ಲ. ಕಂಪ್ಲೇಂಟ್ ಹೇಗೆ ಕೊಡೋದು? ಆರ್ಡರ್ ಕಾಪಿ, ಐಡಿ ಕಾರ್ಡ್ ಏನೂ ಇಲ್ಲ.

ಉತ್ತರ: ಕೆಲಸ ಬಿಟ್ಟರೂ, ಬಿಡಿಸಿದರೂ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಆರ್ಡರ್ ಇಲ್ಲದಿದ್ದರೂ ನಡೆಯುತ್ತದೆ. ಮೊದಲು ಅಲ್ಲಿ ಕೆಲಸ ಮಾಡಿದ್ದಕ್ಕೆ ಗುರುತು ಒಟ್ಟುಮಾಡಿ. ಸಂಬಳ ಫೋನ್‌ಪೇಯಲ್ಲಿ ಬಂದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟು, ‘ಬೇಗ ಬಾ’ ಎಂದ ಮೆಸೇಜು, ಯೂನಿಫಾರ್ಮಿನ ಫೋಟೋ, ಜೊತೆ ಕೆಲಸಗಾರರ ಮಾತು. ಆಮೇಲೆ ಢಾಬಾದ ಒಂದು ಬಿಲ್ಲು ಹುಡುಕಿ. ಬೋರ್ಡಿನಲ್ಲಿ ಒಂದು ಹೆಸರು, ಬಿಲ್ಲಿನ ಜಿಎಸ್‌ಟಿ ನಂಬರಿನ ಹಿಂದೆ ಇನ್ನೊಂದು, ಪಂಚಾಯ್ತಿ ಲೈಸೆನ್ಸು ಮೂರನೆಯವರದು ಇರುತ್ತದೆ. ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಬೋರ್ಡಿನ ಹೆಸರಿಗೆ ಹೋದ ನೋಟಿಸು ‘ಅಂಥವರಿಲ್ಲ’ ಎಂದು ವಾಪಸು ಬರುತ್ತದೆ. ಗೊತ್ತಿರುವ ಎಲ್ಲ ಹೆಸರೂ ಹಾಕಿ. ಕಂಟ್ರಾಕ್ಟರ್ ಮೂಲಕ ಸೇರಿದ್ದರೆ ಅವರನ್ನೂ ಢಾಬಾದವರನ್ನೂ ಇಬ್ಬರನ್ನೂ ಸೇರಿಸಿ. ಕಂಟ್ರಾಕ್ಟರ್ ಕೊಡದಿದ್ದರೆ ಸಂಸ್ಥೆಯ ಮಾಲೀಕರೇ ಹೊಣೆ.

ಅರ್ಜಿಯ ಜೀವ ತಿಂಗಳುವಾರು ಪಟ್ಟಿ. ತಿಂಗಳು, ದುಡಿದ ದಿನ, ಓಟಿ ಗಂಟೆ, ಬರಬೇಕಾದ್ದು, ಬಂದದ್ದು, ವ್ಯತ್ಯಾಸ. ಏಪ್ರಿಲ್ ನಡುವೆ ಬಂದಿದ್ದರೆ ಆ ತಿಂಗಳಿನಿಂದ ಹೊಸ ದರ ಹಾಕಬೇಕು, ಬಹಳ ಜನ ಹದಿನಾಲ್ಕು ತಿಂಗಳಿಗೂ ಒಂದೇ ದರ ಹಾಕಿ ಕಳೆದುಕೊಳ್ಳುತ್ತಾರೆ. ‘ಸುಮಾರು ಒಂದು ಲಕ್ಷ ಬರಬೇಕು’ ಎಂದು ಬರೆದ ಅರ್ಜಿ ಮೇಜಿನ ಮೇಲೇ ಕೂರುತ್ತದೆ. ಶಿರಾದ ಹಿರಿಯ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೋ ತುಮಕೂರಿನ ಕಾರ್ಮಿಕ ಅಧಿಕಾರಿ ಕಚೇರಿಯಲ್ಲೋ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಸತಾಯಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ದಾರಿ ಕೇಳಲು ಕಾರ್ಮಿಕ ಸಹಾಯವಾಣಿ 155214. ಉಚಿತ ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರದ 15100.

ಸಂಹಿತೆಯಲ್ಲಿ ಕ್ಲೇಮಿಗೆ ಮೂರು ವರ್ಷ ಕಾಲಾವಕಾಶವಿದೆ. ಹಳೆಯ ಕಾಯಿದೆಯಲ್ಲಿ ಆರೇ ತಿಂಗಳಿತ್ತು. ಹಾಗಂತ ಕೂರಬೇಡಿ, ಢಾಬಾಗಳು ಕೈ ಬದಲಾಗುತ್ತವೆ, ಸಾಕ್ಷಿ ಹೇಳುವ ಹುಡುಗರು ಬಿಹಾರಕ್ಕೋ ಒಡಿಶಾಕ್ಕೋ ಹೊರಟುಹೋಗುತ್ತಾರೆ. ಕ್ಲೇಮು ವಿಚಾರಿಸುವ ಅಧಿಕಾರಿ ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಹಾಕಬಹುದು. ‘ವರೆಗೆ’ ಎಂಬುದನ್ನು ನೆನಪಿಡಿ. ಆದೇಶವಾದ ಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಿ. ನಡುವೆ ‘ಇಪ್ಪತ್ತು ಸಾವಿರ ತಗೊಂಡು ಸಹಿ ಮಾಡಪ್ಪ’ ಎಂದು ಕರೆದರೆ ಹೋಗಬಹುದು, ರಾಜಿ ತಪ್ಪಲ್ಲ. ಆದರೆ ಖಾಲಿ ವೋಚರಿಗೆ ಸಹಿ ಹಾಕಬೇಡಿ, ರಾಜಿ ಅಧಿಕಾರಿಯ ಮುಂದೆಯೇ ಆಗಲಿ.

ಪ್ರಶ್ನೆ: ಈಗೆಲ್ಲ ಟಿಪ್ಸನ್ನೂ ಗಿರಾಕಿಗಳು ಕೌಂಟರಿನ ಕ್ಯೂಆರ್‌ಗೇ ಹಾಕುತ್ತಾರೆ. ಓನರ್ ಖಾತೆಗೆ ಹೋದದ್ದು ನಮಗೆ ಬರುವುದೇ ಇಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ.
— ಶಿಡ್ಲಘಟ್ಟ

ಉತ್ತರ: ಟಿಪ್ಸ್ ಯಾರದೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ, ಹಾಗಾಗಿ ಇದನ್ನು ಏರ್ಪಾಡಿನಿಂದಲೇ ಸರಿಮಾಡಿಕೊಳ್ಳಬೇಕು. ಟಿಪ್ಸಿಗೆ ಬೇರೆ ಕ್ಯೂಆರ್ ಇಟ್ಟು, ದುಡ್ಡು ಬಂದದ್ದನ್ನು ಕೂಗಿ ಹೇಳುವ ಅದರ ಡಬ್ಬಿ ಸಪ್ಲೈ ಕಟ್ಟೆಯ ಹತ್ತಿರ ಇರಲಿ. ಅದಾಗದಿದ್ದರೆ ಬಿಲ್ಲಿಗಿಂತ ಹೆಚ್ಚು ಬಂದದ್ದನ್ನು ಕ್ಯಾಷಿಯರ್ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ವಾರಕ್ಕೊಮ್ಮೆ ಹಂಚುವಂತೆ ಮಾತಾಡಿಕೊಳ್ಳಿ. ಪಾತ್ರೆ ತೊಳೆಯುವವರಿಗೂ ಪಾಲಿರಲಿ. ಗಿರಾಕಿಗೆ ಅವರ ಮುಖ ಕಾಣುವುದಿಲ್ಲ ಅಷ್ಟೇ.

ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ತಂದಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅದನ್ನು ಕಂಡ ಗಿರಾಕಿ ಟಿಪ್ಸ್ ಇಡದೆ ಏಳುತ್ತಾನೆ. ಓನರಿಗೆ ಹೇಳುವಾಗ ಮೊದಲು ಈ ನಷ್ಟವನ್ನೇ ಹೇಳಿ, ಬೇಗ ಅರ್ಥವಾಗುತ್ತದೆ.